ಎತ್ತರಿಸಿದ ಜಿಪ್ಸಿಗೆ ಶಾಫ್ಟಿನ ಕೋನ ತಿದ್ದಿಸಿದ್ದು: ಸಕಲೇಶಪುರದ ಕಡೆಯ ಒಂದು ಗ್ಯಾರೇಜಿನ ಕೆಲಸ

ಎತ್ತರಿಸಿದ ಜಿಪ್ಸಿಯ ಹೊಟ್ಟೆ ಕಲ್ಲಿಗೆ ತಾಗಬಾರದು, ಡಾಂಬರು ರಸ್ತೆಯಲ್ಲಿ ಎಂಜಿನ್ನಿನ ಬಲವನ್ನು ಚಕ್ರಗಳ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಡುಗಲೂಬಾರದು ಎಂದು ಕೇಳಿದರೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂಬ ಉತ್ತರವೇ ಹೆಚ್ಚಿನ ಗ್ಯಾರೇಜುಗಳಲ್ಲಿ ಸಿಗುತ್ತದೆ. ಸಕಲೇಶಪುರದ ಕಡೆ, ಕಾಫಿ ತೋಟದ ಗಾಡಿಗಳನ್ನೇ ನೆಚ್ಚಿಕೊಂಡಿರುವ ಒಂದು ಸಣ್ಣ ಗ್ಯಾರೇಜಿನವರು ಈ ಎರಡನ್ನೂ ಬಹುಮಟ್ಟಿಗೆ ಒಟ್ಟಿಗೆ ಸಾಧಿಸಿಕೊಟ್ಟರು. ನಡುವೆ ಅವರಿಂದ ಒಂದು ಲೋಪವೂ ಆಯಿತು. ಅದನ್ನು ಮುಚ್ಚಿಡದೆ ಬರೆಯಬೇಕಾಗಿರುವುದರಿಂದ ಗ್ಯಾರೇಜಿನ ಹೆಸರನ್ನು ಇಲ್ಲಿ ಹಾಕಿಲ್ಲ. ಇಂಥ ಕೆಲಸಕ್ಕೆ ಗಾಡಿ ಒಪ್ಪಿಸುವವರು ಯಾವುದನ್ನು ಕೇಳಬೇಕು, ಯಾವುದನ್ನು ನಿಂತು ನೋಡಬೇಕು ಎಂಬುದು ಈ ವಿವರಗಳಿಂದ ಸ್ಪಷ್ಟವಾದರೆ ಸಾಕು.

ಗಾಡಿ ಮಾರುತಿ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್ ಎಂಜಿನ್ನಿನದು. ಹಿಂದಿನ ಮಾಲೀಕರು ಅದರ ಲೀಫ್ ಸ್ಪ್ರಿಂಗುಗಳನ್ನು (ಪಟ್ಟಿಗಳ ಕಟ್ಟಿನ ಸ್ಪ್ರಿಂಗು) ಹೌಸಿಂಗಿನ, ಅಂದರೆ ಎಡ ಬಲ ಚಕ್ರಗಳ ನಡುವಿನ ಆಕ್ಸಲ್ ಕವಚದ, ಕೆಳಗಿನಿಂದ ತೆಗೆದು ಮೇಲಕ್ಕೆ ಕೂರಿಸಿದ್ದರು. ಜಿಪ್ಸಿ ಕಂಪನಿಯಿಂದ ಬರುತ್ತಿದ್ದಾಗ ಸ್ಪ್ರಿಂಗುಗಳು ಹೌಸಿಂಗಿನ ಅಡಿಯಲ್ಲಿರುತ್ತಿದ್ದವು. ಅವನ್ನು ಮೇಲಕ್ಕೆ ಹಾಕಿದರೆ ಹೌಸಿಂಗಿನ ದಪ್ಪ ಮತ್ತು ಸ್ಪ್ರಿಂಗ್ ಕಟ್ಟಿನ ದಪ್ಪ ಎರಡೂ ಸೇರಿ ಚಾಸಿಸ್ ಸುಮಾರು 5 ಇಂಚು ಮೇಲೇಳುತ್ತದೆ. ನೋಡಿದವರಿಗೆ ಗಾಡಿ ಆನೆಯಷ್ಟು ಎತ್ತರ ಕಾಣುತ್ತದೆ ನಿಜ, ಆದರೆ ಹೌಸಿಂಗಿನಲ್ಲಿ ಗೇರುಗಳಿರುವ ಡಿಫರೆನ್ಷಿಯಲ್ ಉಂಡೆಯ ಅಡಿಯ ಜಾಗ ಇದರಿಂದ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ, ಏಕೆಂದರೆ ಹೌಸಿಂಗ್ ಚಕ್ರಗಳ ಮೇಲೆ ನಿಂತಿದೆಯೇ ಹೊರತು ಸ್ಪ್ರಿಂಗಿನ ಮೇಲಲ್ಲ. ಅಲ್ಲಿ ಜಾಗ ಬೇಕೆಂದರೆ ದೊಡ್ಡ ಟೈರೇ ಬೇಕು. ಕಂಪನಿಯ 205/70 ಆರ್15 ಟೈರಿನ ಬದಲು ಈ ಗಾಡಿಯಲ್ಲಿ 235/75 ಆರ್15 ಇದೆ, ಅದರಿಂದ ಸಿಕ್ಕಿರುವುದು ಸುಮಾರು 33 ಮಿ.ಮೀ. ಎತ್ತರಿಸಿದ್ದರಿಂದ ನಿಜವಾಗಿ ಲಾಭವಾಗುವುದು ಎರಡು ಹೌಸಿಂಗುಗಳ ನಡುವಿನ ಹೊಟ್ಟೆಗೆ. ಆ ಹೊಟ್ಟೆಯಲ್ಲಿ ನೇತಾಡುವ, ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್.

ಹಿಂದಿನವರು ಇಲ್ಲೇ ಎಡವಿದ್ದರು. ಚಾಸಿಸ್ ಮೇಲೆದ್ದಾಗ ಟ್ರಾನ್ಸ್‌ಫರ್ ಕೇಸೂ ಜೊತೆಗೇ ಏಳುತ್ತದೆ, ಹೌಸಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ, ಆದ್ದರಿಂದ ಎರಡನ್ನೂ ಜೋಡಿಸುವ ಶಾಫ್ಟ್ ಕಡಿದಾಗಿ ಇಳಿಯತೊಡಗುತ್ತದೆ. ಶಾಫ್ಟ್ ನಡುಗಿತೆಂದು ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟುಗಳ ನಡುವೆ 25 ಮಿ.ಮೀ. ದಪ್ಪದ ಸ್ಪೇಸರ್ ಇಟ್ಟು ಅದನ್ನು ಕೆಳಗಿಳಿಸಲಾಗಿತ್ತು. ಎಲ್ಲೆಡೆ ಮಾಡುವ ಅಗ್ಗದ ಉಪಾಯ ಇದು, ಇದರಿಂದ ಕೋನ ಎರಡು ಡಿಗ್ರಿಯಷ್ಟು ತಗ್ಗುವುದೂ ಸುಳ್ಳಲ್ಲ. ಆದರೆ ಹಣ ಕೊಟ್ಟು ಏರಿಸಿಕೊಂಡ ಎತ್ತರದಲ್ಲಿ ಒಂದು ಇಂಚನ್ನು, ಅದೂ ಅತ್ಯಂತ ಬೇಕಾದ ಜಾಗದಲ್ಲೇ, ಹಿಂದಕ್ಕೆ ಕೊಟ್ಟಂತಾಗುತ್ತದೆ. ತೋಟದ ದಾರಿಯ ನಡುದಿಣ್ಣೆಯಲ್ಲಿ ಮಳೆಗಾಲದ ನಂತರ ಎದ್ದು ನಿಲ್ಲುವ ಕಲ್ಲುಗಳು ಈ ಗಾಡಿಯ ಟ್ರಾನ್ಸ್‌ಫರ್ ಕೇಸಿನ ಅಡಿಯ ರಕ್ಷಣಾ ತಗಡಿನ ಮೇಲೆ ತಮ್ಮ ಗುರುತುಗಳನ್ನು ಸಾಲಾಗಿ ಬಿಟ್ಟಿದ್ದವು. ಅಷ್ಟಾದರೂ ನಡುಕ ಪೂರ್ತಿ ಹೋಗಿರಲಿಲ್ಲ, ಹಿಂದಿನ ಶಾಫ್ಟಿನ ಎರಡು ತುದಿಗಳಲ್ಲಿ ಅದನ್ನು ಬಾಗಿದಂತೆಯೇ ತಿರುಗಲು ಬಿಡುವ ಕ್ರಾಸುಗಳು (ಯೂನಿವರ್ಸಲ್ ಜಾಯಿಂಟ್) ಮತ್ತೆ ಮತ್ತೆ ಸವೆಯುತ್ತಿದ್ದವು.

ಗ್ಯಾರೇಜಿನ ಬಗ್ಗೆ ಮೊದಲ ಒಳ್ಳೆಯ ಅಭಿಪ್ರಾಯ ಮೂಡಿದ್ದು ಅವರು ಗಾಡಿಯನ್ನು ಲಿಫ್ಟಿಗೆ ಏರಿಸದೆ ಇದ್ದುದರಿಂದ. ಲಿಫ್ಟಿನ ಮೇಲೆ ಹೌಸಿಂಗ್ ಜೋತುಬಿದ್ದಾಗ ಅಳೆದ ಕೋನಕ್ಕೂ ಗಾಡಿ ಓಡುವಾಗಿನ ಕೋನಕ್ಕೂ ಸಂಬಂಧವಿರುವುದಿಲ್ಲ. ಅವರು ಸಿಮೆಂಟ್ ನೆಲದ ಸಮತಟ್ಟಾದ ಜಾಗವನ್ನು ಮೊದಲು ಪರೀಕ್ಷಿಸಿ, ಗಾಡಿಯನ್ನು ನಾಲ್ಕೂ ಚಕ್ರಗಳ ಮೇಲೆ ನಿಲ್ಲಿಸಿ, ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಸಿ, ಹಿಂದೆ ಸದಾ ಇರುವ ಸಾಮಾನಿನ ಭಾರವನ್ನೂ ಇರಿಸಿಕೊಂಡು, ಕೆಳಗೆ ತೆವಳಿ ಅಳೆದರು. ಅಯಸ್ಕಾಂತವಿರುವ ಡಿಜಿಟಲ್ ಕೋನಮಾಪಕವನ್ನು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಫ್ಲೇಂಜಿನ (ಶಾಫ್ಟ್ ಬೋಲ್ಟಾಗುವ ಬಿಲ್ಲೆ) ಮುಖಕ್ಕೆ, ಶಾಫ್ಟಿನ ಕೊಳವೆಗೆ, ಶಾಫ್ಟಿನಿಂದ ಬಲವನ್ನು ಹೌಸಿಂಗಿನೊಳಗೆ ಒಯ್ಯುವ ಪಿನಿಯನ್ ಗೇರಿನ ಫ್ಲೇಂಜಿಗೆ ಒಂದೊಂದಾಗಿ ಹಚ್ಚಿ, ಬಂದ ಅಂಕಿಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೇ ಬರೆದಿಟ್ಟರು. ಮೊಬೈಲಿನ ಆ್ಯಪ್ ಹಿಡಿದು ‘ಸುಮಾರಾಗಿ ಸರಿ ಇದೆ’ ಎನ್ನುವವರ ನಡುವೆ ಈ ಶ್ರದ್ಧೆ ಅಪರೂಪ.

ಸ್ಪೇಸರ್ ಇದ್ದಾಗಿನ ಲೆಕ್ಕ ಹೀಗಿತ್ತು: ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿ 2 ಡಿಗ್ರಿ ಕೆಳಮುಖ, ಶಾಫ್ಟ್ 17 ಡಿಗ್ರಿ ಇಳಿಜಾರು, ಪಿನಿಯನ್ 6 ಡಿಗ್ರಿ ಮೇಲ್ಮುಖ. ಅಂದರೆ ಮೇಲಿನ ಕ್ರಾಸಿನಲ್ಲಿ 15 ಡಿಗ್ರಿ ಮುರಿವು (ಬಾಗು), ಕೆಳಗಿನ ಕ್ರಾಸಿನಲ್ಲಿ 11 ಡಿಗ್ರಿ. ಒಂದು ಕ್ರಾಸ್ ಕೋನದಲ್ಲಿ ತಿರುಗುವಾಗ ಅದರ ಆಚೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿ ಎರಡು ಬಾರಿ ಕುಗ್ಗುತ್ತದೆ. 15 ಡಿಗ್ರಿಯಲ್ಲಿ ಈ ಏರಿಳಿತ ಎರಡೂ ಕಡೆಗೆ ಸುಮಾರು ಶೇ 3.5ರಷ್ಟಿರುತ್ತದೆ. ಮತ್ತೊಂದು ತುದಿಯ ಕ್ರಾಸ್ ಅಷ್ಟೇ ಕೋನದಲ್ಲಿದ್ದು ಎರಡರ ಯೋಕುಗಳೂ (ಕ್ರಾಸನ್ನು ಹಿಡಿಯುವ ಕವೆಗಳು) ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ರದ್ದುಮಾಡುತ್ತದೆ. ಇಲ್ಲಿ ನಾಲ್ಕೇ ಡಿಗ್ರಿ ವ್ಯತ್ಯಾಸವಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಲೆಕ್ಕ ಹಾಗೆ ನಡೆಯುವುದಿಲ್ಲ: ಉಳಿಯುವ ನಡುಕಕ್ಕೆ ಸಮನಾದ ಕೋನವನ್ನು ಕಂಡುಹಿಡಿಯಲು ಎರಡೂ ಕೋನಗಳ ವರ್ಗಗಳನ್ನು ಕಳೆದು ವರ್ಗಮೂಲ ತೆಗೆಯಬೇಕು. 225ರಲ್ಲಿ 121 ಕಳೆದರೆ 104, ಅದರ ಮೂಲ ಸುಮಾರು 10. ಹತ್ತು ಡಿಗ್ರಿಯಲ್ಲಿ ಒಂದೇ ಕ್ರಾಸ್ ಹಾಕಿಕೊಂಡು ಗಾಡಿ ಓಡಿಸಿದಂತಾಯಿತು. ಇದನ್ನು 3 ಡಿಗ್ರಿಯೊಳಗೆ ಇಡಬೇಕೆಂಬುದು ಶಾಫ್ಟ್ ತಯಾರಕರ ಸಾಮಾನ್ಯ ನಿಯಮ.

ಕೋನಗಳನ್ನು ಸಮ ಮಾಡಿದರೆ ಸಾಕಲ್ಲವೇ ಎಂಬುದಕ್ಕೂ ಅವರ ಬಳಿ ಉತ್ತರವಿತ್ತು. ಪಿನಿಯನ್ನನ್ನು 2 ಡಿಗ್ರಿಗೆ ಇಳಿಸಿದರೆ ಎರಡೂ ಕಡೆ 15 ಡಿಗ್ರಿಯಾಗಿ ಹಿಂದಿನ ಚಕ್ರಕ್ಕೆ ನಡುಕ ತಲುಪುವುದು ನಿಲ್ಲುತ್ತದೆ, ಆದರೆ ನಡುವಿನ ಕೊಳವೆಯಂತೂ ಏರಿಳಿಯುತ್ತಲೇ ತಿರುಗುತ್ತದೆ, ಕ್ರಾಸಿನ ಸೂಜಿ ಬೇರಿಂಗುಗಳು ಬೇಗ ಸವೆಯುತ್ತವೆ. ಶಾಫ್ಟ್ ತಯಾರಿಸುವ ಸ್ಪೈಸರ್‌ನವರ ಕೋಷ್ಟಕದಲ್ಲಿ ನಿಮಿಷಕ್ಕೆ 1,500 ಸುತ್ತಿಗೆ ಕ್ರಾಸಿನ ಕೋನದ ಮಿತಿ 11.5 ಡಿಗ್ರಿ, 2,000ಕ್ಕೆ 8.67, 2,500ಕ್ಕೆ 7. ಆಕ್ಸಲ್ ಅನುಪಾತವನ್ನು (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತುಗಳು) ಸುಮಾರು 4 ಎಂದು ಹಿಡಿದು ಈ ಟೈರಿನ ಸುತ್ತಳತೆಯಿಂದ ಲೆಕ್ಕ ಹಾಕಿದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದಿನ ಶಾಫ್ಟ್ ನಿಮಿಷಕ್ಕೆ 1,750 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಗಾಡಿಗೆ 15 ಡಿಗ್ರಿ ಎಂದರೆ ಅತಿಯಾಯಿತು.

ಆದ್ದರಿಂದ ಅವರು ಆರಿಸಿಕೊಂಡ ದಾರಿ ಡಬಲ್ ಕಾರ್ಡನ್ ಶಾಫ್ಟ್. ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ ಎರಡು ಕ್ರಾಸುಗಳು ಬೆನ್ನಿಗೆ ಬೆನ್ನು ಕೂತು, ನಡುವೆ ಕೇಂದ್ರದ ಗುಂಡೊಂದು ಅವನ್ನು ಸಮವಾಗಿ ಬಾಗುವಂತೆ ಹಿಡಿದಿಡುತ್ತದೆ. ಒಟ್ಟು ಮುರಿವು ಎರಡಕ್ಕೂ ಅರ್ಧರ್ಧ ಹಂಚಿಹೋಗಿ ಏರಿಳಿತ ಅಲ್ಲಿಯೇ ರದ್ದಾಗುತ್ತದೆ. ಹೀಗಾದಾಗ ಕೆಳಗಿನ ತುದಿಯ ಒಂಟಿ ಕ್ರಾಸಿಗೆ ಕೋನವೇ ಇರಬಾರದು, ಅಂದರೆ ಪಿನಿಯನ್ ಶಾಫ್ಟಿನ ನೇರಕ್ಕೆ ಮುಖವೆತ್ತಿ ನೋಡುತ್ತಿರಬೇಕು. ಮಾಮೂಲಿ ಶಾಫ್ಟಿನ ನಿಯಮಕ್ಕೆ ಇದು ತೀರಾ ವಿರುದ್ಧ. ಡಬಲ್ ಕಾರ್ಡನ್ ಹಾಕಿ ಪಿನಿಯನ್ನನ್ನು ಹಳೆಯ ಕೋನದಲ್ಲೇ ಬಿಟ್ಟು, ಇಷ್ಟು ದುಡ್ಡು ಸುರಿದರೂ ನಡುಕ ನಿಲ್ಲಲಿಲ್ಲ ಎಂದು ಗೊಣಗುವವರನ್ನು ನೋಡಿದ್ದೇನೆ. ಗ್ಯಾರೇಜಿನ ಮುಖ್ಯ ಮೆಕ್ಯಾನಿಕ್ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಸಾರ್, ಶಾಫ್ಟ್ ಬದಲಾಯಿಸಿದ್ರೆ ಹೌಸಿಂಗೂ ತಿರುಗಿಸ್ಬೇಕು. ಅದಕ್ಕೆ ಒಪ್ಪಿಗೆ ಇದ್ರೆ ಮಾತ್ರ ಶುರು ಮಾಡ್ತೀವಿ.”

ಸ್ಪೇಸರ್ ತೆಗೆದು ಟ್ರಾನ್ಸ್‌ಫರ್ ಕೇಸನ್ನು ಕಂಪನಿಯ ಎತ್ತರಕ್ಕೆ ಏರಿಸಿದಾಗ ಶಾಫ್ಟಿನ ಇಳಿಜಾರು 19 ಡಿಗ್ರಿಯಾಯಿತು. ಹಿಂದಿನ ಹೌಸಿಂಗಿನ ಮೇಲೆ ಸ್ಪ್ರಿಂಗ್ ಕೂರುವ ಪ್ಯಾಡುಗಳನ್ನು ಕತ್ತರಿಸಿ ತೆಗೆದು, ಹೌಸಿಂಗನ್ನು ತಿರುಗಿಸಿ, ಪಿನಿಯನ್ 17.5 ಡಿಗ್ರಿ ಮೇಲ್ಮುಖವಾಗಿ ನಿಲ್ಲುವಂತೆ ಹೊಸದಾಗಿ ವೆಲ್ಡ್ ಮಾಡಲಾಯಿತು. ಒಂದೂವರೆ ಡಿಗ್ರಿಯನ್ನು ಬೇಕೆಂದೇ ಕಡಿಮೆ ಇಟ್ಟದ್ದು. ಆಕ್ಸಿಲರೇಟರ್ ಒತ್ತಿದಾಗ ಲೀಫ್ ಸ್ಪ್ರಿಂಗ್ ತಿರುಚಿಕೊಂಡು ಪಿನಿಯನ್ನಿನ ಮೂಗು ಮೇಲೇಳುತ್ತದೆ, ಸ್ಪ್ರಿಂಗ್ ಹೌಸಿಂಗಿನ ಮೇಲಿರುವ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು. ಆಗ ಅದು ನೇರಕ್ಕೆ ಬರಬೇಕು. ಜೊತೆಗೆ, ಕ್ರಾಸ್ ಸದಾ ಸೊನ್ನೆ ಕೋನದಲ್ಲಿ ತಿರುಗಿದರೆ ಒಳಗಿನ ಸೂಜಿಗಳು ಉರುಳದೆ ಒಂದೇ ಜಾಗದಲ್ಲಿ ಬಡಿಯುತ್ತ ಬಟ್ಟಲಿನಲ್ಲಿ ಗೆರೆ ಕೊರೆಯುತ್ತವೆ.

ಸ್ಪ್ರಿಂಗಿಗೂ ಪ್ಯಾಡಿಗೂ ನಡುವೆ ಬೆಣೆ ತುರುಕಿ ಈ ತಿದ್ದುಪಾಟನ್ನು ಅಗ್ಗದಲ್ಲಿ ಮುಗಿಸುವುದೂ ಉಂಟು. 2 ಅಥವಾ 4 ಡಿಗ್ರಿಗೆ ಕಬ್ಬಿಣದ ಬೆಣೆ ತಕ್ಕಮಟ್ಟಿಗೆ ನಡೆಯುತ್ತದೆ, ಅಲ್ಯೂಮಿನಿಯಂ ಬೆಣೆಗಳು ಭಾರಕ್ಕೆ ಬಿರಿಯುತ್ತವೆ. ಹನ್ನೊಂದು ಡಿಗ್ರಿಗೂ ಮಿಕ್ಕ ತಿರುವನ್ನು ಬೆಣೆಯಿಂದ ತರುತ್ತೇವೆಂದು ಯಾರಾದರೂ ಹೇಳಿದರೆ ಗಾಡಿಯನ್ನು ತಿರುಗಿಸಿಕೊಂಡು ಬರುವುದು ಒಳ್ಳೆಯದು.

ಪಿನಿಯನ್ ಇಷ್ಟು ಮುಖವೆತ್ತಿದ ಮೇಲೆ ಅದರ ಮುಂದಿನ ಬೇರಿಂಗಿಗೆ ಎಣ್ಣೆ ತಲುಪುವುದು ಕಷ್ಟವಾಗುತ್ತದೆ ಎಂಬುದನ್ನು ನಾನು ಕೇಳುವ ಮೊದಲೇ ಅವರು ಹೇಳಿ, ಎಣ್ಣೆ ತುಂಬುವ ತೂತಿನ ಮಟ್ಟವನ್ನು ಎತ್ತರಿಸಿ, ಹೆಚ್ಚು ಗೇರ್ ಎಣ್ಣೆ ನಿಲ್ಲುವಂತೆ ಮಾಡಿಕೊಟ್ಟರು. ಹೌಸಿಂಗಿನ ಉಸಿರುಕೊಳವೆಗೆ ರಬ್ಬರ್ ಪೈಪ್ ಸಿಕ್ಕಿಸಿ ಚಾಸಿಸ್ಸಿನ ಮೇಲ್ಭಾಗಕ್ಕೆ ಒಯ್ದದ್ದು ಬಿಲ್ಲಿನಲ್ಲಿ ಬರೆಯದ ಕೆಲಸ. ಹಳ್ಳ ದಾಟುವ ಗಾಡಿಗೆ ಅದರ ಬೆಲೆ ಗೊತ್ತು.

ಶಾಫ್ಟನ್ನು ಅವರು ತಾವೇ ಮಾಡಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡುವವರಿಗೆ ಅಳತೆ ಕೊಟ್ಟು ತರಿಸಿದರು. ಬಂದ ಶಾಫ್ಟಿನ ಬೆಸುಗೆ ಅಚ್ಚುಕಟ್ಟಾಗಿತ್ತು, ಬ್ಯಾಲೆನ್ಸಿಂಗಿನ ತುಂಡುಗಳು ಎರಡೂ ತುದಿಯಲ್ಲಿದ್ದವು. ಅದನ್ನು ಜೋಡಿಸಿದ ಮೇಲೆ ನಡೆದ ಪರೀಕ್ಷೆಯನ್ನು ಪಕ್ಕದಲ್ಲೇ ಕೂತು ನೋಡಿದೆ. ಚಾಸಿಸ್ಸನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಶಾಕ್ ಅಬ್ಸಾರ್ಬರ್ ಬಿಡುವಷ್ಟೂ ಹೌಸಿಂಗನ್ನು ಕೆಳಗೆ ಜೋತುಬಿಟ್ಟು, ಡಬಲ್ ಕಾರ್ಡನ್ನಿನ ಯೋಕುಗಳಿಗೆ ಸೀಮೆಸುಣ್ಣ ಬಳಿದು, ಹುಡುಗನೊಬ್ಬ ಶಾಫ್ಟನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದ. ಯೋಕಿನ ಒಂದು ಕಿವಿಯ ಅಂಚಿನಲ್ಲಿ ಸುಣ್ಣ ಉಗುರಿನಗಲ ಒರೆಸಿಹೋಗಿತ್ತು. ಅಲ್ಲಿ ಲೋಹ ಲೋಹಕ್ಕೆ ತಾಗುತ್ತಿದೆ ಎಂದರ್ಥ; ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಎದ್ದಾಗ ಅದೇ ಜಾಗದಲ್ಲಿ ಶಾಫ್ಟ್ ಮುರಿಯುತ್ತದೆ. ಗ್ರೈಂಡರಿನಿಂದ ಆ ಅಂಚನ್ನು ಸ್ವಲ್ಪವೇ ತೆಗೆದು, ಮತ್ತೆ ಸುಣ್ಣ ಬಳಿದು, ತಿರುಗಿಸಿ ನೋಡಿ, ಸುಣ್ಣ ಅಳಿಸದೆ ಉಳಿದ ಮೇಲಷ್ಟೇ ಬಿಟ್ಟರು. ಜೋತುಬಿದ್ದಾಗ, ಶಾಫ್ಟ್ ಉದ್ದ ಗಿಡ್ಡವಾಗಲು ಬಿಡುವ ಹಲ್ಲುಗಳ ಜಾರುಜೋಡಣೆಯಾದ ಸ್ಪ್ಲೈನು ಎಷ್ಟು ಒಳಗೆ ಉಳಿಯುತ್ತದೆ, ಹೌಸಿಂಗನ್ನು ಜಾಕಿನಿಂದ ಮೇಲಕ್ಕೆ ಒತ್ತಿದಾಗ ಒಳಗೆ ಎಷ್ಟು ಜಾಗ ಮಿಗುತ್ತದೆ ಎಂಬುದನ್ನೂ ಅಳೆದರು. ಸ್ಪ್ಲೈನಿನ ಎರಡೂ ಭಾಗದ ಮೇಲೆ ಉಳಿಯಿಂದ ಬಾಣದ ಗುರುತು ಹೊಡೆದಿದ್ದಾರೆ. ಮುಂದೆ ಬೇರಾರೋ ಬಿಚ್ಚಿ ಒಂದು ಹಲ್ಲು ಆಚೀಚೆ ಕೂರಿಸಿದರೆ ಶಾಫ್ಟಿನ ಬ್ಯಾಲೆನ್ಸ್ ಕೆಡುತ್ತದೆ.

ಇನ್ನು ಲೋಪದ ವಿಷಯ. ಡಬಲ್ ಕಾರ್ಡನ್ನಿಗೆ ಹೊರೆ ತಗ್ಗಿಸಬೇಕೆಂದು ಅವರು ಟ್ರಾನ್ಸ್‌ಫರ್ ಕೇಸಿನ ಮುಂಭಾಗದ ಮೌಂಟಿನಡಿ ತೆಳುವಾದ ಪಟ್ಟಿಗಳನ್ನಿಟ್ಟು ಅದರ ಹಿಂದಿನ ಬಾಯಿಯನ್ನು ಇನ್ನೂ 3 ಡಿಗ್ರಿ ಕೆಳಮುಖ ಮಾಡಿದ್ದರು. ಹಿಂದಿನ ಶಾಫ್ಟನ್ನು ಮಾತ್ರ ನೋಡುವವರಿಗೆ ಇದು ಜಾಣತನವೇ; ಒಟ್ಟು ಮುರಿವು 17ರಿಂದ 14ಕ್ಕೆ ಇಳಿಯಿತು. ಆದರೆ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಅದು ಬೇರೆಯಾಗಿ ಚಾಸಿಸ್ಸಿಗೆ ತೂಗಿಕೊಂಡಿದ್ದು, ಗೇರ್‌ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟ್ ಅದಕ್ಕೆ ಬಲವನ್ನು ಒಯ್ಯುತ್ತದೆ. ಟ್ರಾನ್ಸ್‌ಫರ್ ಕೇಸನ್ನು ವಾಲಿಸಿದೊಡನೆ ಆ ಗಿಡ್ಡ ಶಾಫ್ಟಿನ ಎರಡು ತುದಿಗಳ ಸಮತೋಲ ಕೆಟ್ಟಿತು: ಗೇರ್‌ಬಾಕ್ಸಿನ ಕಡೆ 2 ಡಿಗ್ರಿ, ಈಚೆ ಕಡೆ 5. ಮೇಲಿನ ವರ್ಗಮೂಲದ ಲೆಕ್ಕದಲ್ಲಿ ಇದು ಸುಮಾರು 4.6 ಡಿಗ್ರಿಗೆ ಸಮ. ಸಣ್ಣ ಸಂಖ್ಯೆಯಂತೆ ಕಾಣುತ್ತದೆ, ಆದರೆ ಮಾಮೂಲಿ ರಸ್ತೆಗೆ ಬಳಸುವ ಹೈ ರೇಂಜಿನಲ್ಲೂ ಈ ಟ್ರಾನ್ಸ್‌ಫರ್ ಕೇಸ್ ವೇಗವನ್ನು ತಗ್ಗಿಸುವುದರಿಂದ ಗಿಡ್ಡ ಶಾಫ್ಟ್ ಹಿಂದಿನ ಶಾಫ್ಟಿಗಿಂತ ಸುಮಾರು 1.4 ಪಟ್ಟು ಜೋರಾಗಿ ತಿರುಗುತ್ತಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದರ ಸುತ್ತು 2,400 ದಾಟುತ್ತದೆ.

ಫಲವಾಗಿ ಗಾಡಿ ಕೈಗೆ ಬಂದಾಗ ಹಿಂದಿನ ನಡುಕ ಮಾಯವಾಗಿ, ಅದರ ಜಾಗದಲ್ಲಿ ಐವತ್ತು ದಾಟಿದೊಡನೆ ಗೇರ್ ಲಿವರಿನ ಬುಡದಿಂದ ಒಂದು ಗುಂಯ್‌ಗುಡುವಿಕೆ ಹುಟ್ಟಿಕೊಂಡಿತ್ತು. ದೂರು ಹೇಳಿದಾಗ ಮೊದಲು ಟೈರ್ ಬ್ಯಾಲೆನ್ಸಿನ ಮೇಲೆ ಹಾಕಿದರು. ಇದು ನನಗೆ ಹಿಡಿಸಲಿಲ್ಲ. ಕೋನಮಾಪಕವನ್ನು ಗಿಡ್ಡ ಶಾಫ್ಟಿಗೂ ಹಚ್ಚಿ ನೋಡಿ ಎಂದು ಪಟ್ಟುಹಿಡಿದ ಮೇಲೆ ಅಳೆದರು. ಅಳೆದ ಬಳಿಕ ಮಾತ್ರ ವಾದ ಮಾಡಲಿಲ್ಲ, ಪಟ್ಟಿಗಳನ್ನು ತೆಗೆದು ಟ್ರಾನ್ಸ್‌ಫರ್ ಕೇಸನ್ನು ಮೊದಲಿನ 2 ಡಿಗ್ರಿಗೇ ಮರಳಿಸಿದರು, ಕೂಲಿ ಕೇಳಲಿಲ್ಲ. ಈಗ ಡಬಲ್ ಕಾರ್ಡನ್ನಿನ ಪಾಲಿಗೆ 17 ಡಿಗ್ರಿ ಬಂದಿದೆ, ಅಂದರೆ ಒಂದೊಂದು ಕ್ರಾಸಿಗೆ ಎಂಟೂವರೆ. ಅರವತ್ತರ ವೇಗಕ್ಕೆ ಇದು ಕೋಷ್ಟಕದ ಮಿತಿಯೊಳಗಿದೆ, ಎಂಬತ್ತಕ್ಕೆ ಹೋದರೆ ಅಂಚು ಮೀರುತ್ತದೆ. ಎತ್ತರಿಸಿದ ಜಿಪ್ಸಿಯನ್ನು ಎಂಬತ್ತರಲ್ಲಿ ಓಡಿಸಬೇಕೆನ್ನುವವರಿಗೆ ಹೇಳಬೇಕಾದ ಮಾತು ಶಾಫ್ಟಿನದಲ್ಲ, ಬ್ರೇಕಿನದು.

ಹೊಟ್ಟೆಯಡಿ ಕಳೆದುಹೋಗಿದ್ದ 25 ಮಿ.ಮೀ. ಪೂರ್ತಿಯಾಗಿ ಮರಳಿ ಸಿಕ್ಕಿದೆ. ತೋಟದ ನಡುದಿಣ್ಣೆಯ ಕಲ್ಲುಗಳ ಮೇಲೆ ಮೊದಲು ತಗಡು ಕಿರುಗುಡುತ್ತಿದ್ದ ಕಡೆಗಳಲ್ಲಿ ಈಗ ಸದ್ದಿಲ್ಲ. ಹಿಂದಿನ ಶಾಫ್ಟಿನ ಕೆಳತುದಿ ಸಹ, ಪಿನಿಯನ್ ಮೇಲೆದ್ದುದರಿಂದ, ಕಲ್ಲಿಗೆ ಸುಲಭವಾಗಿ ಸಿಗದಷ್ಟು ಎತ್ತರಕ್ಕೆ ಹೋಗಿದೆ. ಈ ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ.

ಮುಂದಿನ ಶಾಫ್ಟನ್ನು ಅವರು ಹೆಚ್ಚು ಮುಟ್ಟಲಿಲ್ಲ, ಅದು ಸರಿಯೂ ಹೌದು. ಮುಂದಿನ ಹೌಸಿಂಗನ್ನು ತಿರುಗಿಸಿ ಪಿನಿಯನ್ ಎತ್ತಿದರೆ ಅದರ ಜೊತೆಗೇ ಚಕ್ರಗಳನ್ನು ನೇರಕ್ಕೆ ಮರಳಿಸುವ ಕ್ಯಾಸ್ಟರ್ ಕೋನ ಕುಗ್ಗಿ ಸ್ಟೇರಿಂಗ್ ನೆಟ್ಟಗೆ ನಿಲ್ಲದೆ ಅಲೆಯತೊಡಗುತ್ತದೆ. ಮುಂದಿನ ಚಕ್ರಗಳನ್ನು ಆಕ್ಸಲ್ಲಿನಿಂದ ಬಿಡಿಸುವ ಫ್ರೀ ವೀಲಿಂಗ್ ಹಬ್ಬಿನ ಲಾಕ್ ತೆಗೆದಿಟ್ಟರೆ ಮುಂದಿನ ಶಾಫ್ಟ್ ರಸ್ತೆಯಲ್ಲಿ ತಿರುಗುವುದೇ ಇಲ್ಲ, ಕೆಸರಿನಲ್ಲಿ ತಿರುಗುವಾಗ ವೇಗವಿರುವುದಿಲ್ಲ. ಹಬ್ ಇಲ್ಲದ ಗಾಡಿಗಳಿಗೆ ಈ ತೀರ್ಮಾನ ಹೊಂದದು.

ಡಬಲ್ ಕಾರ್ಡನ್ನಿನ ದೊಡ್ಡ ತೊಂದರೆ ಆರೈಕೆ. ನಡುವಿನ ಗುಂಡಿಗೆ ಗ್ರೀಸ್ ಹಾಕುವ ನಿಪ್ಪಲ್ ಒಳಗೆ ಅಡಗಿದ್ದು, ಮಾಮೂಲಿ ಗ್ರೀಸ್ ಗನ್ನಿನ ಮೂತಿ ಅಲ್ಲಿಗೆ ಹೋಗುವುದಿಲ್ಲ, ಸೂಜಿಮೂತಿಯದೇ ಬೇಕು. ಮಲೆನಾಡಿನ ಕೆಂಪು ಕೆಸರು ಅಲ್ಲಿ ಸೇರಿಕೊಂಡು ಒಣಗಿದರೆ ಗುಂಡು ಬೇಗ ಹಾಳಾಗುತ್ತದೆ. ಹಳ್ಳ ದಾಟಿ ಬಂದಾಗಲೆಲ್ಲ ತೊಳೆದು ಗ್ರೀಸ್ ಹೊಡೆಯುವ ತಾಳ್ಮೆ ಇಲ್ಲದವರು ಈ ದಾರಿಗೆ ಬರಬಾರದು. ಸ್ಪ್ರಿಂಗನ್ನು ಕೆಳಗೇ ಬಿಟ್ಟು, ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಶ್ಯಾಕಲ್ಲನ್ನು ಉದ್ದ ಮಾಡಿಸುವ ಗೊಡವೆಗೂ ಹೋಗದೆ, ಸ್ವಲ್ಪ ದೊಡ್ಡ ಟೈರ್ ಹಾಕಿ ತೃಪ್ತರಾಗುವುದು ಅವರಿಗೆ ಲೇಸು. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹತ್ತುವ ಎಷ್ಟೋ ಜೀಪುಗಳು ಕಂಪನಿಯ ಎತ್ತರದಲ್ಲೇ ಇವೆ, ಹತ್ತಿಸುವುದು ಚಾಲಕರ ಕಾಲು ಮತ್ತು ಕಣ್ಣು.

ಬಿಲ್ಲು ಭಾರವೇ. ಶಾಫ್ಟ್, ವೆಲ್ಡಿಂಗ್, ಕೂಲಿ ಎಲ್ಲ ಸೇರಿ ನಾಲ್ಕು ಒಳ್ಳೆಯ ಟೈರುಗಳ ಬೆಲೆಗೆ ಹತ್ತಿರ ಬಂತು, ಅದರಲ್ಲಿ ಶಾಫ್ಟಿನದೇ ಸಿಂಹಪಾಲು. ಅಂಕಿಗಳನ್ನು ಬಿಲ್ಲಿನ ಹಿಂದೆ, ಮೊದಲು ಮತ್ತು ನಂತರ ಎಂದು ಎರಡು ಸಾಲಿನಲ್ಲಿ ಬರೆದುಕೊಟ್ಟದ್ದು ಮಾತ್ರ ನನ್ನ ಮಟ್ಟಿಗೆ ಹಣಕ್ಕೆ ಮೀರಿದ ದಾಖಲೆ. ಒಂದು ವಿಷಯದಲ್ಲಿ ಅವರು ಇನ್ನೂ ನೇರವಾಗಿ ಮಾತಾಡಬೇಕಿತ್ತು: ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತವಾಗಿ ಹೇಳಿದೆ. ಖಾಸಗಿ ತೋಟದ ಒಳಗಿನ ಓಡಾಟ ಬೇರೆ, ಹೆದ್ದಾರಿಯಲ್ಲಿ ತಪಾಸಣೆಗೆ ಸಿಕ್ಕುವುದು ಬೇರೆ. ಗಿರಾಕಿಗೆ ಇದನ್ನು ಕೆಲಸಕ್ಕೆ ಮೊದಲೇ ತಿಳಿಸುವುದು ಗ್ಯಾರೇಜಿನ ಹೊಣೆ.

ಸ್ವಲ್ಪ ದೂರ ಓಡಿಸಿದ ಮೇಲೆ, ಸ್ಪ್ರಿಂಗನ್ನು ಹೌಸಿಂಗಿಗೆ ಹಿಡಿದಿಡುವ ಯು ಬೋಲ್ಟುಗಳನ್ನು ಮತ್ತೆ ಬಿಗಿಸಲು ಗಾಡಿ ತರಬೇಕೆಂದು ಅವರೇ ಫೋನ್ ಮಾಡಿ ಕರೆದು, ಕಾಯಿಸದೆ ಬಿಗಿಸಿ ಕಳಿಸಿದರು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತೋಟದ ಗಾಡಿಗಳ ದುರಸ್ತಿಯೇ ಅವರಿಗೆ ಮುಗಿಯುವುದಿಲ್ಲ, ಮಾರ್ಪಾಡಿನ ಕೆಲಸಕ್ಕೆ ಕುಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಗಾಡಿ ಬಿಡಬೇಕು. ಬಿಡುವಾಗ ಹಿಂದಿನ ಶಾಫ್ಟಿನ ಜೊತೆಗೆ ಗಿಡ್ಡ ಶಾಫ್ಟಿನ ಎರಡು ತುದಿಗಳ ಕೋನವನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.